ಹೊಸಿಲಲ್ಲಿ ಕೀಲಿಮಣೆ ಬರೆಯುವ ಶ್ಯಾಮಲಮ್ಮ

ಶಿಡ್ಲಘಟ್ಟದ ಹೊರಗಿನ ಆ ಖಾಸಗಿ ಡಿಪ್ಲೊಮಾ ಕಾಲೇಜಿನ ಬಾಗಿಲಿಗೆ ಇನ್ನೂ ಬಿಸಿಲು ಮುಟ್ಟಿಲ್ಲ. ನೀರು ಚಿಮುಕಿಸಿ, ಗುಡಿಸಿ, ಶ್ಯಾಮಲಮ್ಮ ರಂಗೋಲಿ ಪುಡಿ ಹಿಡಿದು ಕೂತಿದ್ದಾರೆ. ಚುಕ್ಕಿಯಿಲ್ಲ, ಬಳ್ಳಿಯಿಲ್ಲ. ಬರೀ ಚೌಕಗಳು, ಒಳಗೆ ಸೊನ್ನೆಯಿಂದ ಒಂಬತ್ತು, ಆಮೇಲೆ ಎಯಿಂದ ಎಫ್. ಬರೆದಾದ ಮೇಲೆ, ಪುಡಿಗೆ ತಾಗದಷ್ಟು ಮೇಲೆ ಬೆರಳು ಹಿಡಿದು ಒಂದೊಂದೇ ಚೌಕವನ್ನು ಒತ್ತುತ್ತಾರೆ.

"ಮರೆತೋಗ್ಬಾರ್ದಲ್ಲಮ್ಮ, ಅದಕ್ಕೆ" ಎನ್ನುತ್ತಾರೆ.

ನಿಜವಾದ ಗುಂಡಿಗಳು ಲ್ಯಾಬಿನ ಗಾಜಿನ ಬೀರುವಿನಲ್ಲಿವೆ. ಒಂದೇ ಹಲಗೆಯ ಮೇಲೆ ಇಡೀ ಕಂಪ್ಯೂಟರು: ಕಪ್ಪು ಚಿಪ್‌ಗಳು, ಪುಟ್ಟ ಕೀಲಿಮಣೆ, ಕೆಂಪಗೆ ಹೊಳೆಯುವ ಅಂಕಿಗಳು. ಹುಡುಗರ ಬಾಯಲ್ಲಿ ಅದು "ಕಿಟ್ಟು". ಮೊದಲು ಶ್ಯಾಮಲಮ್ಮನ ಬಳಿ ಇರುತ್ತಿದ್ದ ಬೀರುವಿನ ಕೀ ಈಗ ಪ್ರಾಂಶುಪಾಲರ ಜೇಬಿನಲ್ಲಿದೆ.

ದಿಬ್ಬೂರಹಳ್ಳಿಯ ಶ್ಯಾಮಲಮ್ಮ ಏಳನೇ ತರಗತಿಗೆ ಶಾಲೆ ಬಿಟ್ಟವರು. ಮನೆಯಲ್ಲಿ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ, ಮೊದಲ ಬಸ್ಸಿಗೆ ಬಂದು ಲ್ಯಾಬು ಗುಡಿಸುತ್ತಾರೆ. ಮರಿಹುಳು ಎತ್ತುವಂಥ ಕೋಳಿಗರಿಯಿಂದಲೇ ಕಿಟ್ಟಿನ ಧೂಳು ತೆಗೆಯುತ್ತಿದ್ದರು. ಅದನ್ನು ಕಂಡ ಮೇಷ್ಟ್ರು ಮೋಹನ್‌ಬಾಬು "ಒರೆಸೋದೊಂದೇ ಯಾಕಮ್ಮ, ಒತ್ತಿ ನೋಡಿ" ಎಂದು ಕೂರಿಸಿ, ಎರಡು ಸಂಖ್ಯೆ ಕೂಡಿಸುವುದನ್ನು ಹೇಳಿಕೊಟ್ಟರು.

"ಎರಡಕ್ಕೆ ಮೂರು ಕೂಡಿದೆ, ಐದು ಬಂತು. ಜಂಬ ಬಂದ್ಬಿಡ್ತು. ಮಾರನೇ ದಿನ ಐದಕ್ಕೆ ಐದು ಕೂಡ್ತೀನಿ, ಎ ಅಂತ ಬಂತಮ್ಮ! ಅಯ್ಯೋ ದೇವುಡಾ, ಕೆಡಿಸಿಬಿಟ್ನಲ್ಲ ಅಂತ ಅತ್ತೇಬಿಟ್ಟೆ. ಸಾರ್ ನಕ್ಕೂ ನಕ್ಕೂ, 'ಕೆಟ್ಟಿಲ್ಲಮ್ಮ, ಅದರ ಲೆಕ್ಕದಲ್ಲಿ ಹತ್ತನ್ನ ಎ ಅಂತಾರೆ' ಅಂದ್ರು."

ಈ ಕಲಿಕೆಗೆ ಕಲ್ಲು ಬಿದ್ದದ್ದು 2006ರ ಆಯುಧಪೂಜೆಯಂದು. ಆಡಳಿತ ಮಂಡಳಿಯವರಿಗೆ ಅಂಕಿ ಹೊಳೆಯುವುದು ಕಾಣಲೆಂದು ಕಿಟ್ಟನ್ನು ಚಾಲೂ ಇಟ್ಟು, ಪ್ರಾಂಶುಪಾಲರೇ ಅದಕ್ಕೆ ಹಸಿ ಗಂಧ ಬಳಿದು ಕುಂಕುಮ ಹಚ್ಚಿದರು. ಅದೂ ಚಿಪ್‌ಗಳ ಲೋಹದ ಕಾಲುಗಳ ಮೇಲೆಯೇ! ಅಂಕಿಗಳು ಆರಿಹೋದವು. ಸುತ್ತ ನಿಂತವರೆಲ್ಲ ಕಣ್ಣಾರೆ ಕಂಡರು. ಆದರೂ "ಆಯಾ ಮುಟ್ಟಿ ಮುಟ್ಟಿ ಕೆಡಿಸಿದ್ದು" ಎಂಬ ಮಾತು ಹುಟ್ಟಿತು. ಅಲ್ಲವೆಂದ ಮೋಹನ್‌ಬಾಬುಗೆ "ನಿಮ್ಮ ಸಲಿಗೆಯಿಂದಲೇ ಇಷ್ಟೆಲ್ಲ" ಎಂಬ ಬೈಗುಳ ಸಿಕ್ಕಿತು. ಶ್ಯಾಮಲಮ್ಮನ ಕೈಯಿಂದ ಕೀ ಹೋಯಿತು. ಬೆಂಗಳೂರಿನಿಂದ ಬಂದ ರಿಪೇರಿಯವನು ಗಂಧದ ಹಸಿಯೇ ಕಾರಣವೆಂದು ಹೇಳಿ, ಕಿಟ್ಟನ್ನು ಸರಿಮಾಡಿ ಹೋದ. ಹೊರಿಸಿದ ಅಪವಾದವನ್ನು ಮಾತ್ರ ಯಾರೂ ಇಳಿಸಲಿಲ್ಲ. ಕೀಯೂ ಬರಲಿಲ್ಲ.

ಕಲಿಯಲೆಂದು ತಂದದ್ದನ್ನು ಗಾಜಿನೊಳಗಿಟ್ಟು ಕಾಯುವುದು ಯಾವ ಸೀಮೆಯ ವಿದ್ಯೆ? ಹುಡುಗರಿಗೂ ಪರೀಕ್ಷೆಯ ದಿನ ಮಾತ್ರ ಅದರ ದರ್ಶನ. ಗಂಧ ಬಳಿದ ಕೈಯಲ್ಲಿ ಕೀ ಇದೆ. ಧೂಳು ಕೂರಲು ಬಿಡದ ಕೈಯಲ್ಲಿ ಪೊರಕೆ ಇದೆ. ಇದನ್ನು ಕೇಳುವವರೇ ಇಲ್ಲವೇ?

ಅಷ್ಟರಲ್ಲಿ ಪ್ರಾಂಶುಪಾಲರು ಬರುತ್ತಾರೆ. ಹೊಸಿಲ ಬಳಿ ಗಕ್ಕನೆ ನಿಲ್ಲುತ್ತಾರೆ.

"ಏನಮ್ಮ ಇದು, ಹೂವು ಗೀವು ಬರೆಯಕ್ಕೆ ಬರಲ್ವಾ?"

"ಬರ್ತದೆ ಸಾರ್. ಅದು ಮರೆಯಲ್ಲ. ಇದು ಮರೀತದೆ."

ಅವರು ಚೌಕಗಳನ್ನು ದಾಟಿ ಒಳಗೆ ಹೋಗುತ್ತಾರೆ. ಜೇಬಿನಲ್ಲಿ ಕೀಗೊಂಚಲು ಸದ್ದು ಮಾಡುತ್ತದೆ.

ಕೀ ಸಿಕ್ಕರೆ ಮೊದಲು ಏನು ಮಾಡುತ್ತೀರಿ ಎಂದು ಕೇಳಿದರೆ, ಶ್ಯಾಮಲಮ್ಮ ಕೈಯ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ನಮ್ಮತ್ತೆ ಲಕ್ಷ್ಮೀನರಸಮ್ಮನ್ನ ಒಂದಿನ ಕರ್ಕೊಂಡು ಬರ್ತೀನಿ. ಐದೂ ಐದೂ ಎ ಆಗ್ತದೆ ಅಂದ್ರೆ, 'ನಿಂಗೆ ತಲೆ ಕೆಟ್ಟದೆ ಕಣೇ' ಅಂತಾರೆ. ನನ್ನ ತಲೇನೂ ಕೆಟ್ಟಿಲ್ಲ, ನಾನು ಕಿಟ್ಟನ್ನೂ ಕೆಡಿಸಿಲ್ಲ. ಅವರ ಬೆರಳಲ್ಲೇ ಒತ್ತಿಸ್ತೀನಿ, ಅವರೇ ನೋಡ್ಲಿ."