ನಾನು ಮಾಡದ ಫೋನು

ಮೊದಲೇ ಹೇಳಿಬಿಡುತ್ತೇನೆ, ಈ ಕತೆಯಲ್ಲಿ ಮೂರ್ಖ ನಾನೇ. ನಾನು ಮಾಡದೇ ಇದ್ದ ಒಂದು ಮಿಮಿಕ್ರಿಗೆ ಶಾಭಾಸ್ ಅನ್ನಿಸಿಕೊಂಡೆ. 'ನಾನಲ್ಲ' ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು, ನನ್ನ ಗೆಳೆಯ ಅಲ್ಲಿಂದಲೇ ಎದ್ದು ಓಡುತ್ತಿದ್ದ. ಅನ್ನಲಿಲ್ಲ. ಹೊಗಳಿಕೆ ಹಾಗೇ ಬಂದು ಮಡಿಲಿಗೆ ಬಿದ್ದಾಗ ಬೇಡ ಅನ್ನುವ ಜಾತಿಯ ಮನುಷ್ಯ ನಾನಲ್ಲ.

ಅಥಣಿಯಲ್ಲಿ ಆಟೋಕ್ಕೆ ಮೈಕು ಕಟ್ಟಿಕೊಂಡು ಜಾಹೀರಾತು ಕೂಗುವುದು ನನ್ನ ಹೊಟ್ಟೆಪಾಡು. ಸೀರೆ ಅಂಗಡಿಗೆ ಒಂದು ದನಿ, ದವಾಖಾನೆಯ ಉಚಿತ ತಪಾಸಣೆಗೆ ಇನ್ನೊಂದು ದನಿ, ಕಳೆದ ಎಮ್ಮೆಗೆ ಮತ್ತೊಂದು, ಸ್ವಲ್ಪ ಅಳು ಬೆರೆಸಿದ್ದು. ನನ್ನ ಸ್ವಂತ ದನಿ ಮಾತ್ರ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತದೆ. ಅದನ್ನು ಯಾರೂ ಕೇಳಬಾರದೆಂದೇ ಚಿಕ್ಕಂದಿನಿಂದ ಬೇರೆಯವರ ದನಿಯಲ್ಲಿ ಮಾತಾಡುತ್ತ ಬಂದೆ. ಸಾಲಿ ಮಾಸ್ತರರು, ತಲಾಠಿ, ಬಸ್ ಕಂಡಕ್ಟರ್, ನಮ್ಮ ಸೋದರತ್ತೆ, ಯಾರನ್ನೂ ಬಿಟ್ಟವನಲ್ಲ. ಹುಡುಗಿ ನೋಡಲು ಹೋದಾಗ ಆಕೆಯ ಅಪ್ಪನ ದನಿಯನ್ನೇ ತೆಗೆದು ಚಹಾ ಕುಡಿಯದೆ ಎದ್ದು ಬಂದದ್ದೂ ಉಂಟು.

ಊರ ಹೊರಗೆ, ಸತ್ತಿ ಎಂಬ ಹಳ್ಳಿಯ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಬಾರು. ಹಿಂದುಗಡೆ ತಗಡಿನ ಚಪ್ಪರ, ಮೇಲೆ ಹಸಿರು ಜಾಳಿಗೆ, ಕಾಲು ಮುರಿದರೂ ನಿಲ್ಲುವುದನ್ನು ಕಲಿತ ಪ್ಲಾಸ್ಟಿಕ್ ಕುರ್ಚಿಗಳು. ಬೋರ್ಡಿನ ಮೇಲೆ ಮಾತ್ರ 'ಗಾರ್ಡನ್' ಎಂದು ಬರೆದಿದೆ. ಗಾರ್ಡನ್ ಅಂದರೆ ಒಂದು ಬೇವಿನ ಗಿಡ. ಕೌಂಟರಿನಲ್ಲಿ ಕೂರುವವನು ನಿಪ್ಪಾಣಿ ಕಡೆಯವನು. "ಸ್ಟ್ರಾಂಗ್ ಥಂಡ ಐತ್ರಿ, ಮೈಲ್ಡ್ ಸಂಪಲೀ" ಎಂದು, ಇದ್ದದ್ದನ್ನು ಕನ್ನಡದಲ್ಲೂ ಮುಗಿದದ್ದನ್ನು ಮರಾಠಿಯಲ್ಲೂ ಹೇಳುವವನು.

ಅಲ್ಲಿ ರವಿವಾರ ಮಧ್ಯಾಹ್ನ ನಾವು ಮೂವರು ಸೇರುತ್ತಿದ್ದೆವು. ಒಬ್ಬ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವವನು. ಅವನ ಉಗುರಿನಲ್ಲಿ ಯಾವಾಗಲೂ ವಾರ್ನಿಶು ಇರುತ್ತಿತ್ತು, ಅವನು ಮುಟ್ಟಿದ ಶೇಂಗಾಕ್ಕೂ ಅದೇ ವಾಸನೆ. ಇನ್ನೊಬ್ಬ ಸತ್ತಿಯವನು. ಹೊಳೆಯ ದಂಡೆಗೆ ಅವನ ಕಬ್ಬು. ಬಿಯರ್ ಹಾಕುವ ಕೆಲಸ ಅವನದೇ, ಬೇರೆಯವರಿಗೆ ಬಾಟಲಿ ಮುಟ್ಟಗೊಡುತ್ತಿರಲಿಲ್ಲ. ಗ್ಲಾಸನ್ನು ಹಸುಗೂಸಿನಂತೆ ಓರೆ ಹಿಡಿದು, ಅಂಚಿಗೆ ತಾಕಿಸಿ ನಿಧಾನವಾಗಿ ಇಳಿಸುತ್ತಿದ್ದ. ಕೊನೆಗೆ ಎರಡು ಬೆರಳು ನೊರೆ, ಹೆಚ್ಚಿಲ್ಲ ಕಡಿಮೆಯಿಲ್ಲ. ಸುಡುವ ಬಿಸಿಲಿನಲ್ಲಿ ಆ ಮೊದಲ ಗುಟುಕು ಹಲ್ಲಿನಿಂದ ಹಿಡಿದು ಹೊಕ್ಕುಳದ ತನಕ ದಾರಿ ತೋರಿಸುತ್ತ ಇಳಿಯುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ನಾನು ಸಹ. ನನ್ನ ಬಾಯಿ ಮುಚ್ಚಿಸಿದ ಖ್ಯಾತಿ ಈ ಭಾಗದಲ್ಲಿ ಆ ಗುಟುಕಿಗೆ ಮಾತ್ರ ಸಲ್ಲುತ್ತದೆ.

ಸತ್ತಿಯ ಗೆಳೆಯನ ಅಪ್ಪನಿಗೆ ಒಂದು ರೂಢಿಯಿತ್ತು. ಮಗ ಕೊಡಿಸಿದ ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮನೆಯ ಗೋಡೆಯ ಮಾಡದಲ್ಲಿ ಇಟ್ಟೇ ಹೊಲಕ್ಕೆ ಬರುತ್ತಿದ್ದರು. ಕೆಸರಿನಲ್ಲಿ ಬಿದ್ದರೆ ಹಾಳಾಗುತ್ತದೆ ಎಂದು. ಮೋಟರಿಗೆ ಬೇಕಾದ ತ್ರೀ ಫೇಜ್ ಕರೆಂಟು ನಮ್ಮಲ್ಲಿ ಹೇಳಿ ಕೇಳಿ ಬರುವುದಿಲ್ಲ. ಅದು ಬಂದ ಕೂಡಲೇ ದಾರಿಯಲ್ಲಿ ಹೋಗುವವರನ್ನು ತಡೆದು, "ತಮ್ಮಾ, ನನ್ನ ಮಗಗ ಒಂದ ಫೋನ ಹಚ್ಚಿ ಕೊಡೋ" ಎನ್ನುತ್ತಿದ್ದರು. ಮಗನ ನಂಬರೊಂದು ಅವರಿಗೆ ಬಾಯಿಪಾಠ. ಹಲೋ ಇಲ್ಲ, ಹೆಸರಿಲ್ಲ. "ನಾನೋ. ಎಲ್ಲಿ ಅದಿ? ತ್ರೀ ಫೇಜ್ ಬಂದೈತಿ, ಬಾ." ಅಷ್ಟೇ. ದಿನಕ್ಕೊಂದು ಹೊಸ ನಂಬರು, ಅದೇ ದನಿ.

ಇದು ನನ್ನಂಥವನಿಗೆ ಕರೆದು ಉಣ್ಣಿಸಿದಂತೆ. ಬಚ್ಚಲಿಗೆ ಹೋಗುತ್ತೇನೆಂದು ಎದ್ದು, ವೇಟರನದೋ ಕೌಂಟರಿನವನದೋ ಮೊಬೈಲ್ ಇಸಿದುಕೊಂಡು ಗೋಡೆಯ ಹಿಂದಿನಿಂದ ಹಚ್ಚುತ್ತಿದ್ದೆ. "ನಾನೋ. ಎಲ್ಲಿ ಅದಿ?" ಮೊದಲ ಸಲ ಗೆಳೆಯ ತುಂಬಿದ ಗ್ಲಾಸು ಬಿಟ್ಟು, ಒಂದು ಕಾಲಿಗೆ ಚಪ್ಪಲಿಯಿಲ್ಲದೆ ಗಾಡಿ ಹತ್ತಿ ಸತ್ತಿಯ ತನಕ ಹೋಗಿ ಬಂದ. ಎರಡನೆಯ ಸಲ ಅರ್ಧ ದಾರಿ. ಮೂರನೆಯ ಸಲಕ್ಕೆ ಕಲಿತ. "ಅಪ್ಪಾ, ಬರೂ ಮುಂದ ಎರಡ ಥಂಡ ಸ್ಟ್ರಾಂಗ್ ಹಿಡಕೊಂಡ ಬಾ" ಎಂದು ಫೋನಿನಲ್ಲೇ ನನಗೆ ತಿರುಗಿ ಹೇಳುತ್ತಿದ್ದ. ಆಮೇಲಾಮೇಲೆ ಅದೊಂದು ಆಟವೇ ಆಯಿತು. ಬಾರಿನಲ್ಲಿದ್ದಾಗ ಹೊಸ ನಂಬರು ಬಂದರೆ ಅದು ನಾನೇ ಎಂಬುದು ತೀರ್ಮಾನ.

ಈ ಸುದ್ದಿ ಅವನ ಅಪ್ಪನಿಗೂ ಮುಟ್ಟಿತ್ತು. ಒಂದು ದಿನ ಮನೆಗೆ ಹೋದಾಗ ನನ್ನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡರು.

"ನನ್ನಂಗ ಮಾತಾಡ್ತಿ ಅಂತಲ್ಲ? ಎಲ್ಲಿ, ಆಡ ನೋಡೂಣು."

ಆಡಿದೆ. ಅವರು ಕಣ್ಣು ಮುಚ್ಚಿ ಕೇಳಿ, ತಲೆ ಅಲ್ಲಾಡಿಸಿದರು.

"ಅಷ್ಟ ಒದರೂದಿಲ್ಲ ನಾ."

ಒಳಗಿನಿಂದ ಅವರ ಹೆಂಡತಿ, "ಇದಕ್ಕಿಂತಾ ಜಾಸ್ತಿ ಒದರ್ತೀರಿ! ಹುಡುಗ ಮರ್ಯಾದಿಗೆ ಕಮ್ಮಿ ಮಾಡ್ಯಾನ" ಎಂದರು.

"ನೀ ಸುಮ್ಕಿರ. ತಮ್ಮಾ, ನಾ ಕೆಮ್ಮೂಕಿಂತ ಮದಲ ಜರಾ ತಡೀತೀನಿ ನೋಡು. ಅದನ್ನ ಬಿಟ್ಟಿ ನೀ."

ಹೀಗೆ ತಮ್ಮ ಕೆಮ್ಮನ್ನು ಅವರೇ ನನಗೆ ಕಲಿಸಿದರು. ಮೂರು ಸಲ ತಿದ್ದಿದರು. ನಾಲ್ಕನೆಯ ಸಲ ತೊಡೆ ತಟ್ಟಿಕೊಂಡು ನಕ್ಕು, ನಗುತ್ತಲೇ ಖರೇ ಕೆಮ್ಮು ಬಂದು, ಯಾವುದು ಯಾರದೆಂದು ಕಟ್ಟೆಯ ಮೇಲಿದ್ದ ನಮಗೂ ತಿಳಿಯದಂತಾಯಿತು.

ಆ ರವಿವಾರ ಬಿಸಿಲು ಬಹಳ. ಮೊದಲ ಬಾಟಲಿ ಮುಗಿದಿತ್ತು. ನಾನು ಬಚ್ಚಲಿಗೆಂದು ಎದ್ದೆ, ನಿಜವಾಗಿಯೂ ಬಚ್ಚಲಿಗೇ. ತಿರುಗಿ ಬರುವಾಗ ಕೌಂಟರಿನವನು ಬರ್ಫದ ಗಾಡಿಯವನ ಜೊತೆ ಎರಡು ಭಾಷೆಗಳಲ್ಲಿ ಜಗಳಾಡುತ್ತಿದ್ದ. ನನಗೆ ಅದು ಪಾಠಶಾಲೆ. ಹತ್ತು ನಿಮಿಷ ಅಲ್ಲೇ ನಿಂತು ಕೇಳಿದೆ. ಅವನ 'ಸಂಪಲೀ'ಯನ್ನು ಬಾಯಲ್ಲಿ ಹೊರಳಿಸುತ್ತ ಚಪ್ಪರಕ್ಕೆ ಬಂದರೆ ಇಬ್ಬರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾರೆ.

"ಏ, ಬಾರಲೇ ಕಲಾವಿದ!" ಎಂದ ಮೋಟರಿನವನು. "ಇವತ್ತ ಮುರದ ಬಿಟ್ಟಿ!"

ಸತ್ತಿಯ ಗೆಳೆಯ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದ. "ಆ ದಮ್ಮ ಹೆಂಗ ತಂದ್ಯೋ ಮಾರಾಯಾ? ಖರೇ ನಮ್ಮಪ್ಪನ ದಮ್ಮ! ಸ್ಪೀಕರ್ ಮ್ಯಾಲ ಹಾಕಿ ಇವಗೂ ಕೇಳಿಸಿದ್ನಿ."

ನಾನು ಫೋನು ಮಾಡಿಯೇ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಒಂದು ಕ್ಷಣ ತಬ್ಬಿಬ್ಬಾದೆ. ಇವರೇ ಕೂಡಿ ನನ್ನನ್ನು ಕುಣಿಸುತ್ತಿರಬೇಕು ಅಂದುಕೊಂಡೆ. ಹಾಗೂ ಇರಲಿಕ್ಕಿಲ್ಲ ಎಂದು ಒಳಗೆ ಏನೋ ಒಂದು ಮಿಸುಕಿತು. ಅಷ್ಟರಲ್ಲಿ ಅವನು ತನ್ನ ಬಾಟಲಿಯಿಂದಲೇ ನನ್ನ ಗ್ಲಾಸಿಗೆ ಇಳಿಸತೊಡಗಿದ್ದ, ಓರೆ ಹಿಡಿದು, ನಿಧಾನವಾಗಿ.

"ಮತ್ತ? ಏನ ತಿಳದೀರಿ ನನ್ನ?" ಎಂದೆ.

ನಾನು ಫೋನಿನಲ್ಲಿ ಏನು ಮಾತಾಡಿದೆ ಎಂದು ನಾನೇ ಕೇಳಲಿಲ್ಲ. ಕೇಳಿದರೆ ಹೊಗಳಿಕೆ ಕರಗುತ್ತದಲ್ಲ.

ಅರ್ಧ ತಾಸು ಕುಡಿದೆವು. ಕೌಂಟರಿನವನ ಜಗಳವನ್ನು ಆಡಿ ತೋರಿಸಿದೆ, ನಕ್ಕರು. ರಸ್ತೆಯಲ್ಲಿ ಹಾಲಿನ ಗಾಡಿಯೊಂದು ಹಾರ್ನ್ ಬಿಡದೆ ಒತ್ತುತ್ತ ಅಥಣಿಯ ಕಡೆ ಹೋಯಿತು. "ಯಾವನಿಗೋ ಹಾಲ ಒಡೀತೈತಿ ಅಂತ ಅಂಜಿಕಿ" ಎಂದೆ. ಅದಕ್ಕೂ ನಕ್ಕರು.

ಆಮೇಲೆ ಗೆಳೆಯನ ಮೊಬೈಲ್ ಬಡಿಯಿತು. ಅವನು ನಂಬರು ನೋಡಿದ. ಆಗಿನದೇ ನಂಬರು. ನಗುತ್ತಲೇ ತಲೆ ಎತ್ತಿ ನನ್ನ ಮುಖ ನೋಡಿದ, ಆಮೇಲೆ ನನ್ನ ಕೈ ನೋಡಿದ. ನನ್ನ ಎರಡೂ ಕೈ ಮೇಜಿನ ಮೇಲಿದ್ದವು, ಒಂದರಲ್ಲಿ ಗ್ಲಾಸು, ಇನ್ನೊಂದರಲ್ಲಿ ಶೇಂಗಾ. ನಗು ಅವನ ಮುಖದಿಂದ ಒಮ್ಮೆಲೇ ಹೋಗಲಿಲ್ಲ. ತುಟಿಯ ಮೇಲೆ ಹಾಗೇ ಇದ್ದುಕೊಂಡೇ ಕಣ್ಣು ಮಾತ್ರ ಬೇರೆಯಾದವು. ಮೊಬೈಲ್ ಇನ್ನೂ ಬಡಿಯುತ್ತಲೇ ಇತ್ತು. "ನೀ ಅಲ್ಲೇನ?" ಎಂದು ಕೇಳಿದ. ನಾನು ಅಲ್ಲ ಎಂದು ತಲೆಯಾಡಿಸಿದೆ.

ಮಾತಾಡಿದ್ದು ಹಾಲಿನ ಗಾಡಿಯವನು, ಅಥಣಿಯ ದವಾಖಾನೆಯಿಂದ. ಹೊಲದ ದಾರಿಯಲ್ಲಿ ಅಪ್ಪ ಎದೆ ಹಿಡಿದುಕೊಂಡು ಅವನ ಗಾಡಿಗೆ ಅಡ್ಡ ಕೈ ಮಾಡಿದ್ದರು. ಅವನ ಮೊಬೈಲಿನಿಂದ ಮಗನಿಗೆ ಹಚ್ಚಿಸಿದ್ದರು. "ನಾನೋ. ಎಲ್ಲಿ ಅದಿ? ಎದಿಗಿ ಹಿಡದಂಗ ಆಗೇತಿ, ಬಾರೋ ಮಗಾ." ಮಗ ಏನೆಂದು ಉತ್ತರ ಕೊಟ್ಟ ಎಂದು ನಾನು ಬರೆಯುವುದಿಲ್ಲ. ಹಾಲಿನ ಗಾಡಿಯವನು ಆಚೀಚೆ ನೋಡಿ, ಬೇರೆ ಯಾರೂ ಕಾಣದೆ, ಅವರನ್ನು ಕ್ಯಾನುಗಳ ಪಕ್ಕಕ್ಕೆ ಕೂಡಿಸಿಕೊಂಡು ದವಾಖಾನೆಗೆ ಹೊರಟಿದ್ದ, ನಮ್ಮ ಬಾರಿನ ಮುಂದೆಯೇ. ನಾವು ಓಡಿ ಹೋಗಿ ಮುಟ್ಟಿದಾಗ ಅಲ್ಲಿಯ ಡಾಕ್ಟರರು ತಕ್ಷಣ ಮಿರಜದ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದರು. ದಾರಿಯಲ್ಲಿ ಕಾಗವಾಡ ಬರುವುದರೊಳಗೆ ಮುಗಿದಿತ್ತು.

ಅಂಬುಲೆನ್ಸಿನಲ್ಲಿ ಗೆಳೆಯ ಅಪ್ಪನ ಕಾಲ ಹತ್ತಿರ ಕೂತಿದ್ದ. ಬಾಯಿ ವಾಸನೆ ಬರುತ್ತದೆಂದು ಟವೆಲ್ಲಿನಿಂದ ಮೂಗು ಬಾಯಿ ಕಟ್ಟಿಕೊಂಡಿದ್ದ. ಹಿಂದೆ ಬೈಕಿನ ಮೇಲೆ ನಾನೂ ಮೋಟರಿನವನೂ. ಅವತ್ತು ಅವನು ನನ್ನನ್ನು ಬಡಿಯುತ್ತಾನೆ ಅಂದುಕೊಂಡಿದ್ದೆ. ಮಣ್ಣು ಕೊಟ್ಟು ಬಂದ ಮೇಲೆ ಬಡಿಯುತ್ತಾನೆ ಅಂದುಕೊಂಡೆ. ಅವನು ನನಗೆ ನೀರು ಕುಡಿದೆಯಾ ಎಂದು ಕೇಳಿದ.

ಅಪ್ಪನ ದಿನದ ಕಾರ್ಯ ಮುಗಿದ ಮಧ್ಯಾಹ್ನ ಅವನ ಅವ್ವ ನನ್ನನ್ನು ಒಳಗೆ ಕರೆದರು. ಅವರಿಗೆ ಫೋನಿನ ವಿಷಯ ಯಾರೂ ಹೇಳಿರಲಿಲ್ಲ.

"ಯಪ್ಪಾ, ಅವರಂಗ ಒಂದ ಮಾತ ಆಡ್ತೀಯೇನ? ಒಂದ. ಎಲ್ಲಿ ಅದಿ ಅನ್ನು, ಸಾಕ."

ಬಾಯಿ ತೆರೆದೆ. ಜೀವಮಾನದಲ್ಲಿ ಮೊದಲ ಸಲ ನನ್ನ ಗಂಟಲಿನಲ್ಲಿ ಯಾರೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಗೆಳೆಯ ತಿರುಗಿ ದನದ ಕೊಟ್ಟಿಗೆಯ ಕಡೆ ನಡೆದುಬಿಟ್ಟ.

"ನೆಗಡಿ ಆಗೇತ್ರಿ ಅವ್ವಾ" ಎಂದೆ.

"ಹಂಗಾರ ಬಿಸಿನೀರ ಕುಡಿ" ಎಂದು, ಅಂಥ ದಿನದಲ್ಲೂ ಎದ್ದು ಕಾಯಿಸಿ ಕೊಟ್ಟರು. ಕುಡಿದೆ. ನಾನು ಕುಡಿದದ್ದರಲ್ಲಿ ಅಷ್ಟು ಕಷ್ಟಪಟ್ಟು ಇಳಿಸಿದ್ದು ಇನ್ನೊಂದಿಲ್ಲ.

ಸತ್ತಿಯ ಗೆಳೆಯ ಆಮೇಲೆ ಬಾರಿಗೆ ಬರಲಿಲ್ಲ. ನಾನೂ ಮೋಟರಿನವನೂ ಎರಡು ರವಿವಾರ ಹೋದೆವು. ನಮ್ಮಿಬ್ಬರಿಗೂ ಗ್ಲಾಸಿಗೆ ಹಾಕಲು ಬರುವುದಿಲ್ಲ, ನೊರೆಯೇ ನೊರೆ. ಪಕ್ಕದ ಮೇಜಿನವರು "ಒಂದ ಐಟಂ ಬಿಡ್ರಿ" ಎಂದಾಗ ನಾನು ಎದ್ದು ಹೊರಗೆ ಬಂದೆ. ಮೂರನೆಯ ರವಿವಾರ ಮೋಟರಿನವನೂ ಬರಲಿಲ್ಲ. ಮೈಕಿನ ಕೆಲಸಕ್ಕೆ ಮಾತ್ರ ಬಾಯಿ ತೆರೆಯುತ್ತಿದ್ದೆ. ಕಳೆದ ಎಮ್ಮೆಗೂ ಸೀರೆ ಅಂಗಡಿಗೂ ಈಗ ಒಂದೇ ದನಿ. ಆಟೋದವನು, "ಏನ್ರಿ, ಸೀರಿ ಸೇಲ್ ಐತೋ, ಅಂಗಡಿಯವ ಸತ್ತಾನೋ?" ಎಂದು ಕೇಳಿದ.

ಸತ್ತಿಯ ಗೆಳೆಯ ನನ್ನ ಜೊತೆ ಮತ್ತೆ ಕೂರುತ್ತಾನೋ ಇಲ್ಲವೋ, ಅದೊಂದೇ ತಲೆಯಲ್ಲಿ. ಕಬ್ಬು ಕಡಿಯುವ ಕಾಲ ಮುಗಿಯುತ್ತ ಬಂದಾಗ ತಡೆಯಲಾಗಲಿಲ್ಲ. ಎರಡು ಬಾಟಲಿ ಒದ್ದೆ ಗೋಣಿಚೀಲದಲ್ಲಿ ಸುತ್ತಿ ಗಾಡಿಗೆ ಕಟ್ಟಿಕೊಂಡು ಅವನ ಹೊಲಕ್ಕೆ ಹೋದೆ. ಹಗಲು ಮೂರರ ಬಿಸಿಲು. ಅವನು ಮೋಟರಿನ ಡಬ್ಬಿಯ ಪಕ್ಕ, ಕರೆಂಟಿನ ದಾರಿ ಕಾಯುತ್ತ ಕೂತಿದ್ದ. ನನ್ನನ್ನು ನೋಡಿ ಸರಿದು ಜಾಗ ಮಾಡಿದ. ಗ್ಲಾಸು ತಂದಿರಲಿಲ್ಲ. ಬಾಟಲಿಯಿಂದಲೇ ಕುಡಿದೆವು. ಅವನೂ ಕುಡಿದ. ಅದನ್ನು ನೋಡಿ ನನಗೆ ಧೈರ್ಯ ಬಂತು. ಬರಬಾರದಿತ್ತು.

"ಅವತ್ತ ನಾ ಫೋನ ಮಾಡಿರಲಿಲ್ಲಲೇ" ಎಂದೆ. ನನ್ನ ಸ್ವಂತ ದನಿಯಲ್ಲಿ, ಕಿರುಗುಟ್ಟುತ್ತ.

"ಗೊತ್ತೈತಿ."

"ನನಗ ಆವಾಗ್ಲೇ ಗೊತ್ತಿತ್ತು. ನೀವ ಚಪ್ಪಾಳಿ ಹೊಡದ್ರಿ, ನಾ ಅಲ್ಲ ಅನ್ನಲಿಲ್ಲ. ಅಲ್ಲ ಅಂದಿದ್ರ ನೀ ಆವಾಗ್ಲೇ ಅಂಬುಲೆನ್ಸ್ ಕರಕೊಂಡ ಹೋಗಿರ್ತಿದ್ದಿ. ಅರ್ಧಾ ತಾಸ ಮದಲ ಮಿರಜ ಮುಟ್ಟತಿದ್ರು. ಎಲ್ಲಾ ನನ್ನಿಂದ ಆತು. ಬಡಿ ನನ್ನ. ಇಲ್ಲಾಂದ್ರ ಬೈ."

ಅವನು ಬಾಟಲಿಯನ್ನು ಬದುವಿನ ಮಣ್ಣಿನಲ್ಲಿ ಬೀಳದಂತೆ ಒತ್ತಿ ನಿಲ್ಲಿಸಿದ. ಅರ್ಧ ಹಾಗೇ ಇತ್ತು. ಎದ್ದು, ಕೈ ಝಾಡಿಸಿಕೊಂಡು, ನನ್ನ ಕಡೆ ನೋಡದೆ ಹೇಳಿದ:

"ಅಪ್ಪ ಕರದದ್ದ ನನ್ನ, ನಕ್ಕಾಂವ ನಾ. ಹೆತ್ತ ಅಪ್ಪನ ದನಿ ಗುರ್ತ ಹಿಡೀಲಾರದ ಮಗಾ ನಾ. ಅದರಾಗ ನಿನಗ ಪಾಲ ಇಲ್ಲ. ಎದ್ದ ನಡಿ."