ಇಳಿಯುವ ಮೇಷ್ಟ್ರು

ತಾಕ್ ಜೊಂಗ್‌ಗು ಅವರಿಗೆ ನಮ್ಮ ಟ್ಯುಟೋರಿಯಲ್‌ನಲ್ಲಿ ‘ಇಳಿಯುವ ಮೇಷ್ಟ್ರು’ ಎಂದೇ ಹೆಸರು. ಅವರು ಭೌತಶಾಸ್ತ್ರ ಹೇಳಿಕೊಡುತ್ತಿದ್ದರು, ನಾನು ಭಾಷೆ. ನಮ್ಮ ಎರಡು ಕೋಣೆಗಳ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಆ ಕಡೆಯವರು ಸೀನಿದರೆ ಈ ಕಡೆ ಪಾಠ ನಿಲ್ಲುತ್ತಿತ್ತು. ಹೀಗಾಗಿ ಮಾಸಾನ್ ಬಂದರಿನ ಮೇಲಿನ ಆ ಹಳೇ ಕಟ್ಟಡದಲ್ಲಿ ನಾನು ಕಲಿಸಿದ ಪದ್ಯಗಳಿಗಿಂತ ಅವರ ರಾಟೆಯ ಲೆಕ್ಕಗಳನ್ನು ಕೇಳಿದ್ದೇ ಹೆಚ್ಚು.

ಹೆಸರು ಬಂದ ಕಾರಣ ಹೇಳಬೇಕು. ನಮ್ಮ ಭಾಷೆಯಲ್ಲಿ ಬೀಳುವುದಕ್ಕೂ ಪರೀಕ್ಷೆಯಲ್ಲಿ ನಪಾಸಾಗುವುದಕ್ಕೂ ಒಂದೇ ಪದ. ನವೆಂಬರಿನ ದೊಡ್ಡ ಪರೀಕ್ಷೆ ಹತ್ತಿರ ಬಂದಂತೆ ಓದುವ ಮಕ್ಕಳ ಮುಂದೆ ಆ ಪದವನ್ನು ಯಾರೂ ಬಾಯಿಗೆ ತರುವುದಿಲ್ಲ. ಕಡಲಪಾಚಿ ಜಾರುತ್ತದೆ, ತಿಂದವರೂ ಪರೀಕ್ಷೆಯಲ್ಲಿ ಜಾರುತ್ತಾರೆಂದು ಮನೆಯಲ್ಲಿ ಅದರ ಸಾರನ್ನೂ ಮಾಡುವುದಿಲ್ಲ. ಇತಿಹಾಸದವರು, ಗಣಿತದವರು ಹೇಗೋ ಆ ಪದವನ್ನು ತಪ್ಪಿಸಿಕೊಂಡು ಪಾಠ ಮಾಡಿಯಾರು. ರಾಟೆಯ ಮೇಲೆ ನೂಲು ಹಾಕಿ ಎರಡು ತುದಿಗೂ ಭಾರ ಕಟ್ಟಿ ಕೈಬಿಡುವವರು ಏನು ಮಾಡಬೇಕು?

ತಾಕ್ ಮೇಷ್ಟ್ರು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಎಲ್ಲಾ ಭೌತಶಾಸ್ತ್ರದವರ ಹಾಗೆ, ‘ಭಾರವಾದದ್ದು ಬೀಳುತ್ತದೆ’ ಎಂದುಬಿಟ್ಟರಂತೆ. ಮೊಮ್ಮಗನಿಗೆ ಊಟದ ಡಬ್ಬಿ ತಂದು ಬಾಗಿಲಲ್ಲಿ ಕಾಯುತ್ತಿದ್ದ ಅಜ್ಜಿಯೊಬ್ಬಳು ಸೀದಾ ಕೆಳಗಿನ ಹೋಟೆಲಿಗೆ ಹೋಗಿ ಒಂದು ಹಿಡಿ ಉಪ್ಪು ತಂದಳು. ಒಂದು ಮಾತೂ ಆಡದೆ ಅದನ್ನು ಕರಿಹಲಗೆಗೂ ಮೇಷ್ಟ್ರ ಮುಖಕ್ಕೂ ಎರಚಿ ಹೋದಳು. ಅಪಶಕುನ ಕಳೆಯಬೇಕಲ್ಲ. ಅವತ್ತಿನಿಂದ ಮೇಷ್ಟ್ರ ಭಾರಗಳು ಇಳಿಯತೊಡಗಿದವು. ನೂಲು ಪಟ್ಟನೆ ಕಡಿದರೂ ಅವು ಮೆಟ್ಟಿಲಿಳಿಯುವ ಮುತ್ತೈದೆಯರ ಹಾಗೆ ಇಳಿಯುತ್ತಿದ್ದವು. ಹುಡುಗರಿಗೆ ನಗುವೋ ನಗು.

ನಕ್ಕರೂ ಕಲಿಯುತ್ತಿದ್ದರು, ಅದು ಸುಳ್ಳಲ್ಲ. ನನ್ನಂಥ ಲೆಕ್ಕ ಬಾರದವಳಿಗೂ ಗೋಡೆಯಾಚೆಯಿಂದ ಅರ್ಥವಾಗುತ್ತಿತ್ತು. ಒಂದು ಕಡೆ ಮೂರು ಕಿಲೋ, ಇನ್ನೊಂದು ಕಡೆ ಎರಡು. ಎರಡನ್ನೂ ಬೇರೆ ಬೇರೆ ನೋಡಬೇಡಿ, ನೂಲು ಬಿಗಿಯಾಗಿರುವಷ್ಟು ಹೊತ್ತು ಅವು ಒಂದೇ ಮುದ್ದೆ ಎನ್ನುತ್ತಿದ್ದರು. ಎಳೆಯುವುದು ಎಷ್ಟು? ಒಂದು ಕಿಲೋ ವ್ಯತ್ಯಾಸ ಮಾತ್ರ. ಆ ಒಂದು ಕಿಲೋ ಐದು ಕಿಲೋವನ್ನೂ ಎಳೆಯಬೇಕು. ಆದ್ದರಿಂದ ವೇಗೋತ್ಕರ್ಷ ಗುರುತ್ವದ ಐದರಲ್ಲೊಂದು ಪಾಲು. ಕೊನೆಗೆ, ಪ್ರಶ್ನೆಪತ್ರಿಕೆಯ ಪ್ರತಿ ಲೆಕ್ಕದ ಬುಡದಲ್ಲೂ ಇರುವ ಸಾಲನ್ನು ಪೂಜೆಯ ಮಂತ್ರದ ಹಾಗೆ ಹೇಳುತ್ತಿದ್ದರು: ‘ನೂಲಿನ ತೂಕ, ಎಲ್ಲಾ ಘರ್ಷಣೆ ಬಿಟ್ಟುಬಿಡಿ.’

ಆದರೆ ಕಾಲ ಅವರ ಕಡೆಗಿರಲಿಲ್ಲ. ಭೌತಶಾಸ್ತ್ರ ಬರೆಯುವವರಲ್ಲಿ ಉಳಿದವರೆಲ್ಲ ಹುಲಿಗಳು. ಅವರ ನಡುವೆ ಒಂದು ಪ್ರಶ್ನೆ ತಪ್ಪಿದರೆ ದರ್ಜೆ ಕೆಳಗಾಯಿತು. ಅದಕ್ಕೇ ಸಾಮಾನ್ಯ ಮಕ್ಕಳು ಸಮಾಜ ವಿಜ್ಞಾನಕ್ಕೆ ಓಡಿದರು. ಮೊದಮೊದಲು ಒಬ್ಬೊಬ್ಬರು, ಆಮೇಲೆ ಹಿಂಡು ಹಿಂಡು. ಕೆಲವು ಕಾಲೇಜುಗಳು ವಿಜ್ಞಾನದ ಸೀಟಿಗೂ ಅದನ್ನು ಒಪ್ಪತೊಡಗಿದ ಮೇಲಂತೂ ಕೇಳುವುದೇ ಬೇಡ. ಸಾಲದ್ದಕ್ಕೆ ಮುಂದಿನ ವರ್ಷದಿಂದ ಪರೀಕ್ಷೆಯಲ್ಲಿ ಭೌತಶಾಸ್ತ್ರವೆಂಬ ಪ್ರತ್ಯೇಕ ವಿಷಯವೇ ಇರುವುದಿಲ್ಲವೆಂದು ಸರ್ಕಾರ ಹೇಳಿತು. ಆ ಕೊನೆಯ ವರ್ಷದ ಬೇಸಿಗೆ ಮುಗಿಯುವಾಗ ಮೇಷ್ಟ್ರ ತರಗತಿಯಲ್ಲಿ ಉಳಿದವಳು ಸೊದಾಮ್ ಒಬ್ಬಳೇ. ಟ್ಯುಟೋರಿಯಲ್‌ನ ಯಜಮಾನರು ಎಲ್ಲರೆದುರಿಗೇ ಹೇಳಿದರು: ಆ ಹುಡುಗಿ ಇರುವವರೆಗೆ ತರಗತಿ, ಅವಳೂ ಹೋದರೆ ಕೋಣೆ ಜೀವಶಾಸ್ತ್ರದವರಿಗೆ. ಮೇಷ್ಟ್ರು ತಲೆಯಾಡಿಸಿ ಕಾಫಿ ಕುಡಿದರು.

ಸೊದಾಮ್ ಪರೀಕ್ಷೆಗೆ ಮೂರನೆಯ ಸಲ ಕಟ್ಟಿದವಳು. ತಾಯಿ ಮೀನು ಮಾರುಕಟ್ಟೆಯಲ್ಲಿ ಒಣಮೀನು ಮಾರುತ್ತಿದ್ದರು, ಮಗಳಿಗೆ ಔಷಧಶಾಸ್ತ್ರದ ಸೀಟು ಬೇಕಿತ್ತು. ಜಾಣೆ, ಆದರೆ ಒಂದು ತಪ್ಪನ್ನು ಬಿಡಲಾರಳು. ‘ಈಗ ನೂಲು ಕಡಿಯಿತು, ಆಮೇಲೇನು?’ ಎಂಬ ಲೆಕ್ಕ ಬಂದಾಗಲೆಲ್ಲ, ಕಡಿದ ಮೇಲೂ ನೂಲಿನ ಎಳೆತವನ್ನು ಬರೆದುಬಿಡುತ್ತಿದ್ದಳು. ಕಡಿದ ನೂಲು ಯಾರನ್ನೂ ಎಳೆಯುವುದಿಲ್ಲ ಕಣಮ್ಮ ಎಂದು ಮೇಷ್ಟ್ರು ಎಷ್ಟು ಸಲ ಹೇಳಿದರೋ. ಅವಳು ಹೂಂ ಎನ್ನುವಳು, ಮರುದಿನ ಮತ್ತೆ ಅದೇ.

ಯಾವ ವಿಷಯ ಬರೆಯುತ್ತೇವೆಂದು ಅರ್ಜಿ ಹಾಕುವ ದಿನ ಬಂತು. ನಾನು ತರಗತಿ ಮುಗಿಸಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಗೋಡೆಯಾಚೆ ಸೊದಾಮ್ ಕೇಳುವುದು ಕೇಳಿಸಿತು.

“ಸರ್, ನಾನೂ ಬದಲಾಯಿಸ್ಲಾ? ಅಮ್ಮ ನೀವು ಹೇಳ್ದಂಗೆ ಮಾಡು ಅಂದ್ರು.”

ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ನಿಂತಿತು. ಇರು ಎಂದರೆ ಮೇಷ್ಟ್ರಿಗೆ ನವೆಂಬರಿನ ತನಕ ಕೋಣೆ ಉಂಟು, ಕೆಲಸ ಉಂಟು. ನಿಜ ಹೇಳುತ್ತೇನೆ, ಇರು ಎನ್ನಲಿ ಎಂದೇ ನಾನು ಆಸೆಪಟ್ಟೆ. ಅವರು ಮೊದಲು ಸುತ್ತಿ ಬಳಸಿ ಹೇಳಿದರು: ಈ ವರ್ಷ ಕಷ್ಟ, ಪೈಪೋಟಿ ಜಾಸ್ತಿ, ಯೋಚನೆ ಮಾಡು. ಹುಡುಗಿಗೆ ಅದು ನಾಟಲಿಲ್ಲ. ಮೂರು ವರ್ಷ ಓದಿದ್ದೇನೆ ಸರ್, ಬಿಡಲು ಮನಸ್ಸಿಲ್ಲ, ಇನ್ನೂ ಚೆನ್ನಾಗಿ ಅಭ್ಯಾಸ ಮಾಡುತ್ತೇನೆ ಎಂದಳು. ಅವಳಿಗೆ ಆ ರಾಟೆಗಳ ಮೇಲೆ ಪ್ರೀತಿ ಹುಟ್ಟಿತ್ತು, ಪಾಪ.

ಆಗ ಮೇಷ್ಟ್ರು ಆ ಪದ ಆಡಿದರು.

“ಭೌತಶಾಸ್ತ್ರ ಬರೆದ್ರೆ ನೀನು ಬೀಳ್ತೀಯ, ಸೊದಾಮ್. ಇಳಿಯೋದಲ್ಲ. ಬೀಳ್ತೀಯ.”

ಕುರ್ಚಿ ಸರಿದ ಸದ್ದಾಯಿತು. ಅವಳು ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಅವತ್ತೇ ವಿಷಯ ಬದಲಾಯಿಸಿದಳು. ಮರುವಾರ ಜೀವಶಾಸ್ತ್ರದವರು ತಮ್ಮ ಕಪ್ಪೆಯ ಚಿತ್ರಗಳನ್ನು ತಂದು ಆ ಕೋಣೆಯಲ್ಲಿ ನೇತುಹಾಕಿದರು. ಯಜಮಾನರು ಮೇಷ್ಟ್ರಿಗೆ ಫೋಟೊಕಾಪಿ ಮಾಡುವ ಕೆಲಸ ಕೊಟ್ಟು ಪರೀಕ್ಷೆಯವರೆಗೆ ಇಟ್ಟುಕೊಂಡದ್ದು ದೊಡ್ಡ ಮನಸ್ಸು ಎಂದು ಎಲ್ಲರೂ ಹೊಗಳಿದರು. ನನಗೆ ಮೈ ಉರಿಯಿತು.

ಫಲಿತಾಂಶ ಬಂತು. ಬದಲಾಯಿಸಿಕೊಂಡ ವಿಷಯದಲ್ಲಿ ಸೊದಾಮ್‌ಗೆ ಒಂದನೇ ದರ್ಜೆ. ಮೇಷ್ಟ್ರ ಲೆಕ್ಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕೈಕೊಟ್ಟದ್ದು ಗಣಿತ. ಅವಳು ಅರ್ಜಿ ಹಾಕಿದ್ದ ಯಾವ ಕಾಲೇಜೂ ಕರೆಯಲಿಲ್ಲ.

ಮೇಷ್ಟ್ರು ತಮ್ಮ ಕಪಾಟು ಖಾಲಿ ಮಾಡಲು ಬಂದ ದಿನವೇ ಸೊದಾಮ್‌ಳ ತಾಯಿ ಬಂದರು. ಮಾರುಕಟ್ಟೆಯಿಂದ ಸೀದಾ ಬಂದಿದ್ದರು, ರಬ್ಬರ್ ಬೂಟು ಇನ್ನೂ ಕಾಲಲ್ಲೇ ಇತ್ತು. ಜಗಳಕ್ಕೆ ಬಂದವರ ಹಾಗೆ ಇರಲಿಲ್ಲ, ಅದೇ ಕಷ್ಟವಾಯಿತು. ಮೇಷ್ಟ್ರಿಗೆ ತಲೆಬಾಗಿ ನಮಸ್ಕಾರ ಮಾಡಿಯೇ ಕೇಳಿದರು.

“ಮೇಷ್ಟ್ರೇ, ಇಷ್ಟು ವರ್ಷ ಯಾರ ಮಕ್ಕಳಿಗೂ ಆ ಮಾತು ಅಂದೋರಲ್ಲ ನೀವು. ನಿಮ್ಮನ್ನ ನಂಬಿ ಕಳಿಸಿದ್ದೇ ಅದಕ್ಕೆ. ನನ್ ಮಗಳಿಗೇ ಯಾಕ್ ಅಂದ್ರಿ?”

ಗಣಿತದ ಮಾತೆತ್ತಿ ನಾನು ಬಾಯಿ ಹಾಕಲು ಹೋದೆ. ಮೇಷ್ಟ್ರು ಕೈಯೆತ್ತಿ ತಡೆದರು.

“ತಪ್ಪಾಯ್ತಮ್ಮ,” ಎಂದರು. “ಅನ್ನಬಾರದಿತ್ತು.”

ಆಕೆ ಇನ್ನೊಮ್ಮೆ ತಲೆಬಾಗಿ ಹೋದರು. ಮಗಳು ಮತ್ತೆ ಕಟ್ಟುವುದಿಲ್ಲವಂತೆ, ಅಂಗಡಿಯಲ್ಲೇ ಕೂರುತ್ತಾಳಂತೆ ಎಂದು ಮೆಟ್ಟಿಲಿಳಿಯುತ್ತಾ ನನಗೆ ಹೇಳಿದರು.

ಮೇಷ್ಟ್ರ ಪೆಟ್ಟಿಗೆ ದೊಡ್ಡದೇನಲ್ಲ. ಒಂದಷ್ಟು ಪುಸ್ತಕ, ಪಾಠಕ್ಕೆ ಬಳಸುತ್ತಿದ್ದ ಪ್ಲಾಸ್ಟಿಕ್ ರಾಟೆ. ನೂಲು ಅದಕ್ಕೇ ಸುತ್ತಿಕೊಂಡಿತ್ತು. ನಾನು ಬಸ್ ನಿಲ್ದಾಣದವರೆಗೆ ಜೊತೆಗೆ ಹೋದೆ. ಮುಂದೇನು ಎಂದು ಕೇಳಲಿಲ್ಲ. ಭೌತಶಾಸ್ತ್ರವೇ ಇಲ್ಲದ ಊರಿನಲ್ಲಿ ಐವತ್ತು ದಾಟಿದ ಭೌತಶಾಸ್ತ್ರದ ಮೇಷ್ಟ್ರಿಗೆ ಮುಂದೇನು ಇರುತ್ತದೆ? ಬಸ್ಸು ತಡವಾಯಿತು. ಅವರೇ ಮಾತು ತೆಗೆದರು.

“ಮೇಡಂ, ನೂಲಿನ ತೂಕ ಬಿಟ್ಬಿಡಿ ಅಂತ ಹೇಳ್ತಿದ್ನಲ್ಲ, ನೂಲಿಗೆ ತೂಕ ಇಲ್ಲ ಅಂತಲ್ಲ ಅದು. ಇರುತ್ತೆ. ಲೆಕ್ಕ ಸಲೀಸಾಗ್ಲಿ ಅಂತ ಬಿಡೋದು ಅಷ್ಟೆ.” ಸ್ವಲ್ಪ ತಡೆದು ನನ್ನ ಕಡೆ ತಿರುಗಿದರು. “ನೀವು ಭಾಷೆಯವರು. ನೀವೇ ಹೇಳಿ. ಒಂದು ಮಾತಿಗೆ ತೂಕ ಇರುತ್ತಾ?”

ಗಂಡಸಿನ ಬಾಯಲ್ಲಿ ಅಂಥ ಅಳುಕಿನ ದನಿಯನ್ನು ನಾನು ಕೇಳಿರಲಿಲ್ಲ. ಇಲ್ಲ ಮೇಷ್ಟ್ರೇ, ಅದೆಲ್ಲ ಮುದುಕಿಯರ ಮಾತು, ಆ ಹುಡುಗಿ ಗಣಿತದಿಂದ ಹೋದಳು ಎನ್ನಬೇಕಿತ್ತು. ಅಷ್ಟು ಹೇಳಿದ್ದರೆ ಸಾಕಿತ್ತು, ಮನುಷ್ಯ ನೆಮ್ಮದಿಯಿಂದ ಬಸ್ಸು ಹತ್ತುತ್ತಿದ್ದ. ಆದರೆ ಯಾವ ಬಾಯಲ್ಲಿ ಹೇಳಲಿ? ನನಗೆ ಮಕ್ಕಳಿಲ್ಲ, ನಮ್ಮ ಮನೆಯಿಂದ ಪರೀಕ್ಷೆ ಬರೆಯುವವರು ಯಾರೂ ಇಲ್ಲ. ಆದರೂ ಆ ನವೆಂಬರ್ ಪೂರ್ತಿ ನಾನು ಮನೆಯಲ್ಲಿ ಕಡಲಪಾಚಿಯ ಸಾರು ಮಾಡಿರಲಿಲ್ಲ.