ಓಗೊಡುವ ಯರ್ರಪ್ಪನ ಎದೆಯ ಸ್ಕ್ಯಾನು

ಗುಮ್ಮಘಟ್ಟದ ಕುರಿಗಾರ ಯರ್ರಪ್ಪನನ್ನು ಯಾರೇ ಮಾತಾಡಿಸಲಿ, ಉತ್ತರ ಬಾರದೆ ಇರುತ್ತಿರಲಿಲ್ಲ. ಎರಡು ಹೊಲದಾಚೆಯಿಂದ ಕೂಗಿದರೂ "ಓ ಬಂದೇನ್ರೀ" ಅನ್ನುವನು. ಸುಮ್ಮನಿದ್ದರೆ ಕರೆದವರಿಗೆ ಅವಮಾನ ಎಂದು ಅವನ ನಂಬಿಕೆ.

ಎರಡು ತಿಂಗಳಿಂದ ಕೆಮ್ಮು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೊಂದು ಬಿಳಿ ಚುಕ್ಕೆ ಕಂಡಿತ್ತು. ಅದು ಹಳೆಯ ಗಾಯವೋ, ಕೊಯ್ದು ತೆಗೆಯಬೇಕಾದ ಗಡ್ಡೆಯೋ, ಸಿಟಿ ಸ್ಕ್ಯಾನ್ ನೋಡದೆ ಹೇಳಲಾಗದು ಎಂದರು ಡಾಕ್ಟರು. ಅವತ್ತಿನಿಂದ ಹೆಂಡತಿ ದುರುಗಕ್ಕನಿಗೆ ನಿದ್ದೆಯಿಲ್ಲ.

ಆಂಧ್ರದ ಗಡಿಯೂರು ರಾಯದುರ್ಗದ ಸ್ಕ್ಯಾನ್ ಕೇಂದ್ರದಲ್ಲಿ ಯಂತ್ರ ನಡೆಸುವ ಬಾಲರಾಜು ಒಂದೊಂದಾಗಿ ಕೇಳಿದ. ನಾಲ್ಕು ತಾಸಿನಿಂದ ಏನಾದರೂ ತಿಂದಿದ್ದಾರಾ? ಸಕ್ಕರೆ ಕಾಯಿಲೆಗೆ ಗುಳಿಗೆ ಇದೆಯಾ? ಮೂತ್ರಪಿಂಡದ ರಕ್ತಪರೀಕ್ಷೆ ಆಯಿತಾ? ಹಿಂದೆ ಯಾವ ಇಂಜೆಕ್ಷನ್‌ಗಾದರೂ ಮೈ ತುರಿಸಿತ್ತಾ? ದುರುಗಕ್ಕ ಎಲ್ಲಕ್ಕೂ ಸರಿಯಾಗಿ ಹೇಳಿ, ಗಂಡನ ಕೊರಳಿನ ಬೆಳ್ಳಿ ತಾಯಿತ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಳು.

"ಮೊದಲು ಬರೇ ಫೋಟೋ. ಆಮ್ಯಾಲೆ ಚುಕ್ಕೆ ನಿಚ್ಚಳ ಕಾಣಾಕ ಇಂಜೆಕ್ಷನ್. ಮೈ ಬೆಚ್ಚಗಾಗಿ, ಉಚ್ಚೆ ಹೊಯ್ಕೊಂಡಂಗ ಅನ್ನಿಸ್ತೈತಿ. ಹೊಯ್ಕೊಂಡಿರಾಂಗಿಲ್ಲ, ಹೆದರಬ್ಯಾಡ್ರಿ" ಎಂದ ಬಾಲರಾಜು.

ಯರ್ರಪ್ಪನನ್ನು ಮಲಗಿಸಿದ ಮೇಲೆ ಯಂತ್ರದೊಳಗಿಂದ ಹೆಣ್ಣುದನಿಯೊಂದು ಬಂತು. ಉಸಿರೆಳೆದು ಹಿಡಿದುಕೊಳ್ಳಿ ಎಂದು ತೆಲುಗಿನಲ್ಲಿ ಮೆತ್ತಗೆ ಕೇಳಿತು.

"ಆತ್ರೀ ಅಮ್ಮಾ" ಎಂದ ಯರ್ರಪ್ಪ. ಹಿಡಿದ ಉಸಿರೆಲ್ಲ ಹೊರಬಿತ್ತು. ಫೋಟೋ ಮಸುಕಾಯಿತು. ಮತ್ತೆ ಮಾಡಿದರು.

"ಹೂಂನ್ರೀ!"

ಬಾಲರಾಜು ಒಳಗೆ ಓಡಿದ. "ಅದು ರೆಕಾರ್ಡಿಂಗ್ ರೀ ಯಜಮಾನ್ರೇ! ಯಾರೂ ಇಲ್ಲ ಅಲ್ಲಿ!"

"ಇಲ್ದಿದ್ರೂ ಎಷ್ಟು ಮರ್ಯಾದಿಲೆ ಕೇಳ್ತೈತಿ. ಹೆಂಗ ಸುಮ್ನಿರ್ಲಿರಿ?"

"ಇಂಜೆಕ್ಷನ್ ಒಂದೇ ಸಲ. ಆಗ ಮಾತಾಡಿದ್ರೆ ಚುಕ್ಕೆ ಏನಂತ ಗೊತ್ತಾಗಾದಿಲ್ಲ, ಇನ್ನೊಂದು ದಿನ ಬರಬೇಕು."

ಬಾಗಿಲಲ್ಲಿದ್ದ ದುರುಗಕ್ಕನ ಮುಖ ಬಿಳಿಚಿತು. ಇನ್ನೊಂದು ದಿನ ಕಾಯುವ ಧೈರ್ಯ ಅವಳಲ್ಲಿರಲಿಲ್ಲ. "ತಮ್ಮಾ, ಆಕೀನ ಬಂದ್ ಮಾಡು. ನಾ ಹೇಳ್ತೀನಿ. ಮೂವತ್ತು ವರ್ಷ ಆತು, ಊರಿಗೆಲ್ಲ ಓಗೊಡ್ತಾನ, ನಾ ಮಾತಾಡ್ಸಿದ್ರೆ ಮಾತ್ರ ತುಟಿ ಬಿಚ್ಚಾಂಗಿಲ್ಲ."

ಬಾಲರಾಜು ನಕ್ಕು ಅವಳನ್ನು ಗಾಜಿನ ಈಚೆ ಕೂರಿಸಿ ಮೈಕ್ ಕೊಟ್ಟ. ಇಂಜೆಕ್ಷನ್ ಹರಿಯಿತು. ಅವನು ಕೈ ಎತ್ತಿದೊಡನೆ ದುರುಗಕ್ಕ ಗದರಿದಳು: "ಏಯ್! ಉಸ್ರು ಎಳಕ! ಹಿಡಕ!"

ಯರ್ರಪ್ಪ ತುಟಿ ಪಿಟಕ್ಕೆನ್ನಲಿಲ್ಲ. ಪಟ ಕನ್ನಡಿಯಂತೆ ಬಿತ್ತು. ದುರುಗಕ್ಕ ಆ ಪಟವನ್ನೇ ನೋಡುತ್ತ ಕೂತುಬಿಟ್ಟಳು. ಒಳಗೆ ಉಸಿರು ಹಿಡಿದೇ ಇದ್ದ ಯರ್ರಪ್ಪನ ಕಣ್ಣುಗುಡ್ಡೆಗಳು ಹೊರಬರತೊಡಗಿದವು.

"ಉಸ್ರು ಬಿಡಾಕ ಹೇಳಮ್ಮಾ!" ಎಂದು ಬಾಲರಾಜು ಕಿರುಚಿದ.

ಮರುದಿನ ಡಾಕ್ಟರು ಪಟವನ್ನು ಬೆಳಕಿಗೆ ಹಿಡಿದರು. "ಹಳೇ ಗಾಯದ ಕಲೆ. ಆಪರೇಷನ್ ಬೇಡ. ಕೆಮ್ಮಿಗೆ ಗುಳಿಗೆ ತಗೊಳ್ಳಿ, ಆರು ತಿಂಗಳಿಗೆ ಇನ್ನೊಂದು ಸ್ಕ್ಯಾನ್ ಮಾಡಿ ನೋಡೋಣ."

ದುರುಗಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆಗ್ಲೂ ಈಕೀನ ಕರ್ಕೊಂಡು ಬರಬೇಕೇನ್ರಿ?" ಎಂದು ಯರ್ರಪ್ಪ ಅಳುಕುತ್ತ ಕೇಳಿದ.

"ನಾ ಇಲ್ದಿದ್ರ ನಿನ್ನ ಎದಿ ಯಾರಿಗೆ ಕಾಣ್ತೈತಿ?" ಎಂದು ದುರುಗಕ್ಕ ಅವನ ರಟ್ಟೆ ಹಿಡಿದು ಎಬ್ಬಿಸಿದಳು.